ಟೆರಾಹರ್ಟ್ಸ್ ತರಂಗಗಳೂ ನೀರಿನ ಸಾಕ್ಷಿಯೂ

ಕಳೆದ ಶ್ರಾವಣ ಮಾಸದಲ್ಲಿ, ನಾಗರ ಪಂಚಮಿಯಾಗಿ ಮೂರು ದಿನಗಳ ಮೇಲೆ, ಬಾಗೇವಾಡಿಯ ನಮ್ಮ ಮನೆಗೆ ದೂರದ ಬೀಗರೊಬ್ಬರು ಬಂದರು. ಅವರ ಚೀಲದಲ್ಲಿ ತಲೆಗೂದಲು ಆರಿಸುವ ಯಂತ್ರದಂಥದೊಂದು ಯಂತ್ರವಿತ್ತು. ಚಹ ಕುಡಿದು ಕಪ್ಪನ್ನು ಕೆಳಗಿಟ್ಟವರೇ ಅದನ್ನು ವಿದ್ಯುತ್ತಿಗೆ ಜೋಡಿಸಿ, ನಮ್ಮ ಆಯಿಯ ಮುಂಗೈಯ ಮೇಲೆ ಹಿಡಿದರು. ಬೆಚ್ಚನೆಯ ಗಾಳಿ ಬಂದಿತು.

“ಇದು ಟೆರಾಹರ್ಟ್ಸ್ ಮಷಿನ್ ಐತ್ರಿ ಆಯಿ. ಇದರ ಅಲಿ ಎಲುಬಿನ ತನಕಾ ಹೋಗ್ತಾವ್ರಿ. ರಕ್ತದಾಗಿನ ಸಕ್ಕರಿ ತಾನ ಹುಡುಕಿ ಕರಗಸ್ತಾವ್ರಿ. ಮೂರ ತಿಂಗಳ ಹಿಡಿಸ್ಕೊಂಡ್ರ ಗುಳಿಗಿ ಬಿಟ್ಟಬಿಡಬಹುದು.”

ಆಯಿಗೆ ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ. ತಿಂಗಳಿಗೊಮ್ಮೆ ಸರಕಾರಿ ದವಾಖಾನೆಯಲ್ಲಿ ಸರದಿಗೆ ನಿಂತು ಬೆರಳು ಚುಚ್ಚಿಸಿಕೊಳ್ಳುವ ಕೆಲಸ. ಇವೆಲ್ಲ ತಪ್ಪಿದರೆ ಯಾರಿಗೆ ಬೇಡ? ಆದರೆ ಯಂತ್ರದ ಬೆಲೆ ಒಂದು ಒಳ್ಳೆಯ ಎಮ್ಮೆಯ ಬೆಲೆಯಷ್ಟಿತ್ತು. ಅಪ್ಪನಿಗೆ ಬೀಗತನದ ದಾಕ್ಷಿಣ್ಯ. ಆಗ ಆಯಿ ನನ್ನ ಕಡೆಗೆ ತಿರುಗಿ, “ನೀ ಕಾಲೇಜಿಗಿ ಹೋಗಾಂವ ಅದಿ. ಇದು ಖರೇನೋ ಸುಳ್ಳೋ, ಹೇಳಪಾ” ಎಂದಳು.

ನಾನು ಬಿ.ಎ. ವಿದ್ಯಾರ್ಥಿ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. “ಆಮ್ಯಾಲೆ ಹೇಳ್ತೀನಿ ಆಯಿ” ಎಂದು ತಪ್ಪಿಸಿಕೊಂಡೆ. ಬೀಗರು ಹೋಗುವಾಗ, “ಬೇಕಾದ್ರ ಓದಿ ನೋಡ್ರಿ ತಮ್ಮಾ, ದೊಡ್ಡ ದೊಡ್ಡ ವಿಜ್ಞಾನಿಗಳು ಇದೇ ಅಲಿಯಿಂದ ಸಕ್ಕರಿ, ಪ್ರೋಟೀನು ಎಲ್ಲಾ ಹುಡುಕಾಕತ್ಯಾರ” ಎಂದು ಹೇಳಿ ಹೋದರು. ನಾನು ಓದಿ ನೋಡಿದೆ. ಆಶ್ಚರ್ಯವೆಂದರೆ ಅವರ ಆ ಕೊನೆಯ ಮಾತು ನಿಜವಾಗಿತ್ತು. ಹಾಗಾದರೆ ಮೊದಲಿನ ಮಾತುಗಳೂ ನಿಜವೇ? ಎರಡು ತಿಂಗಳು ಗುರುಗಳನ್ನು ಕಾಡಿ, ಗ್ರಂಥಾಲಯದಲ್ಲಿ ಕುಳಿತು ನಾನು ತಿಳಿದುಕೊಂಡುದನ್ನು, ನನ್ನಂತೆಯೇ ವಿಜ್ಞಾನವನ್ನು ದೂರದಿಂದ ನೋಡುವ ಸಹಪಾಠಿಗಳ ಸಲುವಾಗಿ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ವಿಜ್ಞಾನದ ಅಧ್ಯಾಪಕರು ತಿದ್ದಬೇಕಾಗಿ ವಿನಂತಿ.

ಮೊದಲು ಹೆಸರಿನ ಅರ್ಥವನ್ನು ನೋಡೋಣ. ಬೆಳಕು, ಆಕಾಶವಾಣಿಯ ಅಲೆ, ಕ್ಷ-ಕಿರಣ ಇವೆಲ್ಲ ಒಂದೇ ಕುಲದವು. ಎಲ್ಲವೂ ವಿದ್ಯುತ್ಕಾಂತ ತರಂಗಗಳೇ. ಅವುಗಳಲ್ಲಿರುವ ಭೇದವೆಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ತೂಗುತ್ತವೆ ಎಂಬುದು. ಎಫ್.ಎಂ. ಆಕಾಶವಾಣಿಯ ಅಲೆ ಸೆಕೆಂಡಿಗೆ ಸುಮಾರು 10 ಕೋಟಿ ಸಲ ತೂಗುವದು. ಕಣ್ಣಿಗೆ ಕಾಣುವ ಬೆಳಕು 400ರಿಂದ 800 ಟೆರಾಹರ್ಟ್ಸ್‌ವರೆಗೆ ತೂಗುವದು. ಒಂದು ಟೆರಾಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಲ. ವಿಜ್ಞಾನಿಗಳು ಟೆರಾಹರ್ಟ್ಸ್ ತರಂಗಗಳೆಂದು ಕರೆಯುವದು ಸಾಮಾನ್ಯವಾಗಿ 0.1ರಿಂದ 10 ಟೆರಾಹರ್ಟ್ಸ್‌ವರೆಗಿನ ಅಲೆಗಳನ್ನು. ಇವುಗಳ ಉದ್ದ 3 ಮಿಲಿಮೀಟರಿನಿಂದ ಹಿಡಿದು ಒಂದು ಮಿಲಿಮೀಟರಿನ ನೂರರ ಮೂರು ಪಾಲಿನವರೆಗೆ. ರೇಡಿಯೋ ಅಲೆಗಳ ಊರು ಮುಗಿದು ಬೆಳಕಿನ ಊರು ಆರಂಭವಾಗುವ ಮೊದಲು ನಡುವೆ ಇರುವ ಸೀಮೆಯಿದು.

ಸೀಮೆಯ ಹೊಲಗಳು ಬಹುಕಾಲ ಬೀಳು ಬೀಳುವಂತೆ ಈ ಭಾಗವೂ ಬಹಳ ಕಾಲ ಬೀಳು ಬಿದ್ದಿತ್ತು. ರೇಡಿಯೋ ಯಂತ್ರಗಳ ವಿದ್ಯುತ್ ಪ್ರವಾಹ ಇಷ್ಟು ವೇಗವಾಗಿ ತೂಗಲಾರದು. ಬೆಳಕಿನ ದೀಪಗಳಿಗೆ ಇದು ತೀರ ನಿಧಾನದ ತೂಗಾಟ. ಆದರೂ ಗಡಿಯವರೆಗೆ ಹೋದವರಿದ್ದಾರೆ. ನಮ್ಮ ದೇಶದ ಜಗದೀಶಚಂದ್ರ ಬೋಸರು 1895ರಲ್ಲಿ ಕಲಕತ್ತೆಯಲ್ಲಿ ಕೆಲವೇ ಮಿಲಿಮೀಟರು ಉದ್ದದ ಅಲೆಗಳನ್ನು ಹುಟ್ಟಿಸಿ ಜನರ ಮುಂದೆ ತೋರಿಸಿದರು. ಬರ್ಲಿನ್ನಿನಲ್ಲಿ ಹೈನ್ರಿಖ್ ರೂಬೆನ್ಸರು ಬೆಳಕಿನ ಕಡೆಯಿಂದ ಈ ಸೀಮೆಗೆ ಇಳಿದು ಬಂದರು. 1900ರಲ್ಲಿ ಅವರು ಮಾಡಿದ ಅಳತೆಗಳೇ ಮ್ಯಾಕ್ಸ್ ಪ್ಲಾಂಕರ ಪ್ರಸಿದ್ಧ ಸೂತ್ರಕ್ಕೆ ದಾರಿ ಮಾಡಿದವು. ಆದರೆ ಹೊಲಕ್ಕೆ ನಿಜವಾಗಿ ನೇಗಿಲು ಬಿದ್ದುದು 1980ರ ದಶಕದ ಕೊನೆಯಲ್ಲಿ, ಅಮೇರಿಕದ ಪ್ರಯೋಗಶಾಲೆಗಳಲ್ಲಿ. ಒಂದು ಸೆಕೆಂಡಿನ ಹತ್ತು ಲಕ್ಷ ಕೋಟಿಯ ಒಂದು ಪಾಲಿನಷ್ಟು ಅಲ್ಪಕಾಲದ ಲೇಸರ್ ಮಿಂಚನ್ನು ಅರೆವಾಹಕದ ಮೇಲೆ ಬೀಳಿಸಿದರೆ ಅದರಿಂದ ಟೆರಾಹರ್ಟ್ಸ್ ಅಲೆಯ ಒಂದು ತುಣುಕು ಹೊರಡುವದು. ಆ ತುಣುಕನ್ನು ಒಂದು ವಸ್ತುವಿನ ಮೂಲಕ ಕಳಿಸಿ, ಅದು ಎಷ್ಟು ತಡವಾಯಿತು, ಎಷ್ಟು ಬಡವಾಯಿತು ಎಂಬುದನ್ನು ಅಳೆಯಬಹುದು.

ಬೋಸರ ಇನ್ನೊಂದು ಪ್ರಯೋಗವನ್ನು ಇಲ್ಲಿಯೇ ಹೇಳಿಬಿಡುವದು ಒಳ್ಳೆಯದು, ಏಕೆಂದರೆ ಅದು ನಮ್ಮ ವಿಷಯದ ಮುತ್ತಾತನಂತಿದೆ. ಸಕ್ಕರೆಯ ನೀರಿನ ಮೂಲಕ ಹೋಗುವ ಧ್ರುವೀಕೃತ ಬೆಳಕಿನ ತೂಗಾಟದ ದಿಕ್ಕು ಸ್ವಲ್ಪ ತಿರುಚಿಕೊಳ್ಳುವದು; ಸಕ್ಕರೆ ಹೆಚ್ಚಿದಷ್ಟು ತಿರುಚು ಹೆಚ್ಚು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿನ ಗುಣವನ್ನು ಇಂದಿಗೂ ಹೀಗೆಯೇ ಅಳೆಯುತ್ತಾರೆ. ಬೋಸರು 1898ರಲ್ಲಿ ಸೆಣಬಿನ ನಾರನ್ನು ಹಗ್ಗದಂತೆ ಹೊಸೆದು, ತಮ್ಮ ಮಿಲಿಮೀಟರು ಅಲೆಗಳು ಅದರ ಮೂಲಕ ಹೋಗುವಾಗ ಅದೇ ರೀತಿ ತಿರುಚಿಕೊಳ್ಳುವದನ್ನು ತೋರಿಸಿದರು. ಹೊಸೆದ ಸೆಣಬು ಸಕ್ಕರೆಯ ಅಣುವಿನ ದೊಡ್ಡ ಮಾದರಿಯಾಯಿತು. ದ್ರವದಲ್ಲಿ ಕರಗಿ ಕಣ್ಣಿಗೆ ಕಾಣದಂತಾದ ಜೀವದ್ರವ್ಯವು ತನ್ನ ಆಕಾರದ ಗುರುತನ್ನು ಅಲೆಯ ಮೇಲೆ ಬಿಟ್ಟುಹೋಗುವದು. ಅಲೆಯನ್ನು ಓದಿದರೆ ದ್ರವ್ಯವನ್ನು ಓದಿದಂತೆ. ಇದು ಮೂಲ ವಿಚಾರ.

ಟೆರಾಹರ್ಟ್ಸ್ ಅಲೆಗೇ ಈ ಕೆಲಸದಲ್ಲಿ ಇಷ್ಟು ಮಹತ್ವವೇಕೆ? ಅಣುಗಳು ಸುಮ್ಮನೆ ಕೂಡ್ರುವದಿಲ್ಲ. ಅಣುವಿನ ಒಂದೊಂದು ಬಂಧ ಹಿಗ್ಗಿ ಕುಗ್ಗುವದು ಬಹು ವೇಗದ ಚಲನೆ. ಅದು ಅವಕೆಂಪು ಕಿರಣಗಳ ತಾಳಕ್ಕೆ ಸೇರಿದ್ದು. ಆದರೆ ಪ್ರೋಟೀನಿನಂಥ ದೊಡ್ಡ ಅಣು ಇಡಿಯಾಗಿ ಬಾಗುವದು, ತಿರುಚುವದು, ಅಣುವಿನ ಪಕ್ಕದ ಅಣು ತೊನೆಯುವದು—ಇವು ನಿಧಾನದ ಚಲನೆಗಳು. ಇವುಗಳ ತಾಳವೇ ಟೆರಾಹರ್ಟ್ಸ್. ನಮ್ಮ ಕರ್ನಾಟಕದಲ್ಲಿಯೂ ಈ ತಾಳವನ್ನು ಬಹಳ ಹಿಂದೆಯೇ ಕೇಳಿದವರಿದ್ದಾರೆ. 1940ರಲ್ಲಿ ಬೆಂಗಳೂರಿನಲ್ಲಿ ಸಿ.ವಿ. ರಾಮನ್ನರು ನೆಡುಂಗಾಡಿಯವರೊಡನೆ ಸ್ಫಟಿಕ ಶಿಲೆಯನ್ನು ಕಾಯಿಸುತ್ತ ಹೋದಾಗ, ಅದರ ಒಂದು ಕಂಪನ ಮೆಲ್ಲಮೆಲ್ಲನೆ ಮಂದವಾಗುವದನ್ನು ಚದರಿದ ಬೆಳಕಿನಲ್ಲಿ ಕಂಡರು. ಆ ಕಂಪನದ ವೇಗ ಸುಮಾರು 6.6 ಟೆರಾಹರ್ಟ್ಸ್. ಹೆಸರು ಆಗ ಬಳಕೆಯಲ್ಲಿರಲಿಲ್ಲ, ಅಷ್ಟೆ.

ಒಣಗಿದ ಪುಡಿಯಲ್ಲಿ ಈ ವಿದ್ಯೆ ಸೊಗಸಾಗಿ ನಡೆಯುವದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನ ಹರಳು 0.53 ಟೆರಾಹರ್ಟ್ಸ್ ಅಲೆಯನ್ನು ಗುರುತು ಹಿಡಿದಂತೆ ಹೀರಿಕೊಳ್ಳುವದು. ಹೆಬ್ಬೆಟ್ಟಿನ ಗುರುತಿನಷ್ಟು ಸ್ಪಷ್ಟ. ಆದರೆ ರಕ್ತ, ಹಾಲು, ಕಣ್ಣೀರು, ಜೀವವಿದ್ದಲ್ಲೆಲ್ಲ ನೀರು. ಇಲ್ಲಿಯೇ ತೊಡಕು ಬರುವದು.

ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಜೋಕಾಲಿ ಹಿಂದೆ ಬಂದು ಮುಂದೆ ಹೊರಡುವ ಸರಿಯಾದ ಕ್ಷಣಕ್ಕೆ ನೂಕಿದರೆ, ನೂಕಿದ ಬಲವೆಲ್ಲ ಜೋಕಾಲಿಗೆ ಸೇರುವದು. ತಾಳ ತಪ್ಪಿಸಿ ನೂಕಿದರೆ ಸೇರುವದಿಲ್ಲ. ನೀರಿನ ಅಣುಗಳು ಒಂದರ ಕೈಯನ್ನೊಂದು ಹಿಡಿದುಕೊಂಡಿರುತ್ತವೆ; ಆ ಹಿಡಿತಕ್ಕೆ ಜಲಜನಕದ ಬಂಧವೆನ್ನುತ್ತಾರೆ. ಒಂದು ಸೆಕೆಂಡಿನ ಒಂದು ಲಕ್ಷ ಕೋಟಿಯ ಒಂದೆರಡು ಪಾಲಿನಲ್ಲಿ ಹಿಡಿತ ಬಿಟ್ಟು, ಮತ್ತೊಂದನ್ನು ಹಿಡಿಯುತ್ತವೆ. ಅಂದರೆ ನೀರಿನ ಜೋಕಾಲಿಯ ತಾಳವೂ ಟೆರಾಹರ್ಟ್ಸ್ ಅಲೆಯ ತಾಳವೂ ಒಂದಕ್ಕೊಂದು ಹೊಂದಿಕೊಂಡುಬಿಟ್ಟಿವೆ! ಆದುದರಿಂದ ಬಂದ ಅಲೆಯ ಬಲವನ್ನೆಲ್ಲ ನೀರು ಕುಡಿದುಬಿಡುವದು. ಒಂದು ಟೆರಾಹರ್ಟ್ಸ್ ಅಲೆ ನೀರಿನಲ್ಲಿ ಒಂದು ಮಿಲಿಮೀಟರಿನ ಇಪ್ಪತ್ತರ ಒಂದು ಪಾಲಿನಷ್ಟು ಹೋಗುವದರಲ್ಲಿ ಸುಮಾರು ಮೂರರ ಒಂದು ಪಾಲಿಗೆ ಇಳಿಯುವದು. ಒಂದು ಪೂರ್ಣ ಮಿಲಿಮೀಟರು ನೀರನ್ನು ದಾಟಿದರೆ ನೂರು ಕೋಟಿಯಲ್ಲಿ ಒಂದು ಪಾಲೂ ಉಳಿಯುವದಿಲ್ಲ. ಬಟ್ಟೆ, ಕಾಗದ, ಒಣ ಕಟ್ಟಿಗೆಯ ತೆಳು ಹಲಗೆ ಇವುಗಳನ್ನು ದಾಟಿ ಹೋಗುವ ಅಲೆ ನಾಲ್ಕು ಹನಿ ನೀರಿಗೆ ಸೋಲುವದು.

ಈ ಸೋಲನ್ನೇ ಉಪಯೋಗಕ್ಕೆ ತಂದವರ ಜಾಣ್ಮೆಯನ್ನು ಮೆಚ್ಚಬೇಕು. 1995ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹೂ ಮತ್ತು ನುಸ್ ಎಂಬಿಬ್ಬರು ಒಂದು ಹಸಿರೆಲೆಯ ಟೆರಾಹರ್ಟ್ಸ್ ಚಿತ್ರವನ್ನು ತೆಗೆದರು. ಎರಡು ದಿನ ಬಿಟ್ಟು ಅದೇ ಎಲೆಯ ಚಿತ್ರವನ್ನು ಮತ್ತೆ ತೆಗೆದರು. ಎಲೆಯ ಯಾವ ಭಾಗದಿಂದ ಎಷ್ಟು ನೀರು ಹೋಗಿದೆ ಎಂಬುದು ಚಿತ್ರದಲ್ಲಿ ಕಾಣಿಸಿತು. ಹಿಂಗಾರಿ ಜೋಳದ ಎಲೆ ಬಾಡುವದನ್ನು ಕಂಡು ಹೊಲದ ಹಸಿಯನ್ನು ತಿಳಿಯುವ ನಮ್ಮ ರೈತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೀರಿನಲ್ಲಿ ಕರಗಿದ ಪ್ರೋಟೀನನ್ನು ಹುಡುಕುವದು ಹೇಗೆ? ಜಾತ್ರೆಯ ದಿನ ಮಾಳಿಗೆಯ ಮೇಲೆ ನಿಂತು ದೂರದ ಬೀದಿಯನ್ನು ನೋಡುತ್ತಿದ್ದೀರೆಂದು ತಿಳಿಯಿರಿ. ಗಿಡಗಳ ಮರೆಯಲ್ಲಿ ತೇರು ಕಾಣುವದಿಲ್ಲ. ಕಾಣುವದು ಜನ ಮಾತ್ರ. ದೂರದ ಜನ ತಮ್ಮ ಮನಸ್ಸಿನಂತೆ ಅತ್ತಿತ್ತ ಅಲೆಯುತ್ತಾರೆ. ಆದರೆ ಹಗ್ಗ ಹಿಡಿದವರು, ಅವರ ಹಿಂದಿನವರು, ಅವರ ಪಕ್ಕದವರು ಒಂದೇ ಹೆಜ್ಜೆಯಲ್ಲಿ ನಡೆಯುತ್ತಾರೆ. ತೇರನ್ನು ಕಾಣದೆಯೇ, ಜನರ ನಡಿಗೆಯಿಂದ ತೇರು ಅಲ್ಲಿದೆ ಎಂದು ನೀವು ಹೇಳಬಲ್ಲಿರಿ. ಪ್ರೋಟೀನು ತೇರು; ನೀರಿನ ಅಣುಗಳು ಜನ. ಪ್ರೋಟೀನಿನ ಸುತ್ತಲಿನ ನೀರು ದೂರದ ನೀರಿನಂತೆ ತೂಗುವದಿಲ್ಲ. ಆ ಭೇದವನ್ನು ಟೆರಾಹರ್ಟ್ಸ್ ಅಲೆ ಗುರುತಿಸುವದು. ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಮಾರ್ಟಿನಾ ಹಾವೆನಿತ್ ಮತ್ತು ಅವರ ಸಂಗಡಿಗರು 2006ರಲ್ಲಿ ಹಾಲಿನ ಸಕ್ಕರೆಯ ಸುತ್ತಲಿನ ನೀರನ್ನೂ, 2007ರಲ್ಲಿ ಪ್ರೋಟೀನಿನ ಸುತ್ತಲಿನ ನೀರನ್ನೂ ಹೀಗೆ ಅಳೆದರು. ಪ್ರೋಟೀನಿನ ಪ್ರಭಾವ ಅದನ್ನು ಮುಟ್ಟಿಕೊಂಡ ಒಂದು ಸಾಲು ಅಣುಗಳಿಗೆ ಮುಗಿಯುವದಿಲ್ಲ, ಒಂದು ನ್ಯಾನೋಮೀಟರಿಗೂ ಮಿಕ್ಕಿ ಹರಡಿರುವದು ಎಂದು ತೋರಿಬಂದಿತು. ಅಡ್ಡಗೋಡೆಯಾಗಿದ್ದ ನೀರು ಇಲ್ಲಿ ಸಾಕ್ಷಿಯಾಗಿ ನಿಂತಿತು.

ಸಾಕ್ಷಿಯನ್ನು ವಿಚಾರಿಸುವ ರೀತಿಗಳು ಮುಖ್ಯವಾಗಿ ಮೂರು. ಮೊದಲನೆಯದು, ದ್ರವವನ್ನು ತಲೆಗೂದಲಿನ ದಪ್ಪದ ಸಣ್ಣ ಕಾಲುವೆಯಲ್ಲಿ ತೆಳ್ಳಗೆ ಹರಿಯಿಸಿ, ಅಲೆ ಸಾಯುವ ಮೊದಲೇ ಆಚೆ ದಾಟುವಂತೆ ಮಾಡುವದು. ಎರಡನೆಯದು, ಸಿಲಿಕಾನಿನ ಪಟ್ಟಕದ ಒಳಗಿನಿಂದ ಅಲೆಯನ್ನು ಪೂರ್ಣವಾಗಿ ಪ್ರತಿಫಲಿಸುವದು. ಹಾಗೆ ಮರಳುವಾಗ ಅಲೆಯ ಸೆರಗು ಪಟ್ಟಕದ ಆಚೆಗಿನ ದ್ರವವನ್ನು ತುಸುವೇ ಸೋಕಿ ಬರುವದು. ಸೆರಗಿಗೆ ಹತ್ತಿದ ಗುರುತನ್ನು ಓದಬಹುದು. ದ್ರವವನ್ನು ದಾಟುವ ಕಾರಣವೇ ಇಲ್ಲ. ಮೂರನೆಯದು, ಗಾಜಿನಂಥ ಹಲಗೆಯ ಮೇಲೆ ಲೋಹದ ಅತಿ ಸಣ್ಣ ಬಳೆಗಳನ್ನು ಸಾಲಾಗಿ ಮೂಡಿಸುವದು. ಪ್ರತಿ ಬಳೆಯಲ್ಲೂ ಒಂದು ಸೀಳು. ಈ ಬಳೆಗಳು ತಮ್ಮ ತಮ್ಮ ಅಳತೆಗೆ ತಕ್ಕ ಒಂದೇ ಶ್ರುತಿಯಲ್ಲಿ ಮಿಡಿಯುತ್ತವೆ. ಭಜನೆಯಲ್ಲಿ ಪಖವಾಜದ ಎಡಮುಖಕ್ಕೆ ಕಲಸಿದ ಹಿಟ್ಟನ್ನು ಮೆತ್ತಿದರೆ ನಾದ ತಗ್ಗುವದಷ್ಟೆ? ಹಾಗೆಯೇ ಬಳೆಯ ಸೀಳಿನ ಹತ್ತಿರ ಪ್ರೋಟೀನೋ ಸೂಕ್ಷ್ಮಜೀವಿಯೋ ಅಂಟಿದರೆ ಬಳೆಯ ಶ್ರುತಿ ತಗ್ಗುವದು. ಎಷ್ಟು ತಗ್ಗಿತೆಂಬುದರಿಂದ ಎಷ್ಟು ಅಂಟಿತೆಂದು ತಿಳಿಯುವದು.

ವಾಚಕರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು: ನೀರು ಇಷ್ಟು ಕಾಡುವದಾದರೆ ಬೇರೆ ದಾರಿ ಇಲ್ಲವೆ? ಇದೆ. ಆ ದಾರಿ ನಮ್ಮವರದೇ. 1928ರಲ್ಲಿ ರಾಮನ್ನರು ದ್ರವಗಳ ಮೇಲೆ ಬೆಳಕು ಬಿಟ್ಟು ಕಂಡ ಪರಿಣಾಮದಲ್ಲಿ ನೀರು ಬಹಳ ಮೌನಿ. ಅದರ ಸದ್ದು ಸಣ್ಣದಾದುದರಿಂದ ಅದರಲ್ಲಿ ಕರಗಿದ ವಸ್ತುವಿನ ಸದ್ದು ಕೇಳಿಸುವದು. ಟೆರಾಹರ್ಟ್ಸಿನಲ್ಲಿ ನೀರು ಮಾತಾಳಿ. ಒಂದು ವಿದ್ಯೆ ವಸ್ತುವನ್ನೇ ಕೇಳುವದು. ಇನ್ನೊಂದು ವಸ್ತು ನೀರಿಗೆ ಏನು ಮಾಡಿತೆಂದು ನೀರನ್ನು ಕೇಳುವದು. ಇವೆರಡನ್ನೂ ಒಂದಕ್ಕೊಂದು ವೈರಿಗಳೆಂದು ತಿಳಿಯದೆ ಒಡಹುಟ್ಟಿದವೆಂದು ತಿಳಿಯಬೇಕು.

ಇಷ್ಟು ಓದಿದ ಮೇಲೆ ನನಗೆ ಆಯಿಯ ಪ್ರಶ್ನೆಗೆ ಮರಳುವ ಧೈರ್ಯ ಬಂದಿತು. ಬೀಗರ ಮಾತಿನಲ್ಲಿ ಮೂರು ಸಂಗತಿಗಳಿದ್ದವು. ಒಂದೊಂದನ್ನಾಗಿ ನೋಡೋಣ.

‘ಅಲೆ ಎಲುಬಿನ ತನಕ ಹೋಗುವದು.’ ನಮ್ಮ ಚರ್ಮ, ಮಾಂಸಗಳು ನೀರಿನಿಂದ ತುಂಬಿವೆ. ಟೆರಾಹರ್ಟ್ಸ್ ಅಲೆ ಚರ್ಮದಲ್ಲಿ ಒಂದು ಮಿಲಿಮೀಟರಿನೊಳಗೇ ಮುಗಿದುಹೋಗುವದು. ಚರ್ಮದ ಮೇಲ್ಭಾಗದ ಕ್ಯಾನ್ಸರನ್ನು ಗುರುತಿಸಲು ಸಂಶೋಧಕರು ಇದನ್ನು ಪ್ರಯೋಗಿಸಿ ನೋಡುತ್ತಿರುವದೂ ಇದರಿಂದಲೇ. ಎಲುಬಿನ ಮಾತು ದೂರ ಉಳಿಯಿತು.

‘ಅಲೆ ಸಕ್ಕರೆಯನ್ನು ಹುಡುಕುವದು.’ ರಕ್ತದ ಸಕ್ಕರೆ ಬಹಳ ಸಣ್ಣ ಪ್ರಮಾಣದ್ದು. ಆರೋಗ್ಯವಂತರ ಬರಿಹೊಟ್ಟೆಯ 100 ಮಿಲಿಲೀಟರು ರಕ್ತದಲ್ಲಿ ಸಕ್ಕರೆ 100 ಮಿಲಿಗ್ರಾಮಿಗಿಂತ ಕಡಿಮೆ. 126ಕ್ಕೆ ಮುಟ್ಟಿದರೆ ಸಕ್ಕರೆ ಕಾಯಿಲೆಯ ಗಡಿ. ಅಂದರೆ ಸಾವಿರಕ್ಕೆ ಸುಮಾರು ಒಂದು ಪಾಲು ಸಕ್ಕರೆ, ಅದರಲ್ಲೂ ಕಾಲು ಪಾಲಿನ ಏರಿಳಿತವನ್ನು ಅಳೆಯಬೇಕು. ಒಂದು ಡಿಗ್ರಿ ಕಾವು ಹೆಚ್ಚಾದರೆ ನೀರು ಹೀರುವ ಅಲೆಯ ಪ್ರಮಾಣ ಇದಕ್ಕಿಂತ ಹೆಚ್ಚು ಬದಲಾಗುವದು! ಅಲ್ಲದೆ ರಕ್ತದಲ್ಲಿರುವ ಪ್ರೋಟೀನು, ಉಪ್ಪು ಎಲ್ಲವೂ ನೀರಿನ ನಡಿಗೆಯನ್ನು ಬದಲಿಸುತ್ತವೆ. ಸಾಕ್ಷಿ ‘ಯಾರೋ ಬಂದಿದ್ದಾರೆ’ ಎನ್ನುವನೇ ಹೊರತು ‘ಇಂಥವರೇ’ ಎಂದು ಹೆಸರು ಹೇಳಲಾರನು. ಆದುದರಿಂದ ಸಂಶೋಧಕರು ಬಳೆಗಳ ಮೇಲೆ ಒಂದೇ ವಸ್ತುವನ್ನು ಹಿಡಿಯುವ ಪ್ರತಿಕಾಯಗಳನ್ನು ಮೊದಲೇ ಅಂಟಿಸಿ, ಕಾವನ್ನು ಸ್ಥಿರವಾಗಿಟ್ಟು ಅಳೆಯುತ್ತಾರೆ. ದವಾಖಾನೆಯಲ್ಲಿ ಬೆರಳು ಚುಚ್ಚಿ ತೆಗೆದ ಹನಿಯನ್ನು ಒಂದು ಪಟ್ಟಿಗೆ ಹಚ್ಚುತ್ತಾರಲ್ಲ, ಆ ಪಟ್ಟಿಯಲ್ಲಿರುವ ಕಿಣ್ವವೂ ಹೀಗೆಯೇ ಗ್ಲೂಕೋಸನ್ನು ಆರಿಸಿ ಹಿಡಿಯುವದು. ಅದಕ್ಕೆ ಅದರ ಮಾತಿಗೆ ಬೆಲೆ.

‘ಅಲೆ ಸಕ್ಕರೆಯನ್ನು ಕರಗಿಸುವದು.’ ಹುಡುಕುವದು ಬೇರೆ, ಕರಗಿಸುವದು ಬೇರೆ. ಒಂದು ಟೆರಾಹರ್ಟ್ಸ್ ಅಲೆಯ ಒಂದು ಕಣದ ಶಕ್ತಿ ಒಂದು ಎಲೆಕ್ಟ್ರಾನ್-ವೋಲ್ಟಿನ ಸಾವಿರದ ನಾಲ್ಕು ಪಾಲು ಮಾತ್ರ; ನಮ್ಮ ಮೈಯ ಕಾವಿನ ಕುಲುಕಾಟವೇ ಅದರ ಆರು ಪಟ್ಟು ಇದೆ. ಅಣುವಿನ ಬಂಧವನ್ನು ಮುರಿಯುವ ಸತ್ವ ಅದಕ್ಕಿಲ್ಲ. ಕ್ಷ-ಕಿರಣದಂತೆ ಅದು ಜೀವಕೋಶಗಳನ್ನು ಕೆಡಿಸದಿರುವದೂ ಇದೇ ಕಾರಣದಿಂದ. ಇನ್ನು ‘ಟೆರಾಹರ್ಟ್ಸ್ ಹೊರಡುವದು’ ಎಂಬುದೇ ಹೆಚ್ಚುಗಾರಿಕೆಯಾದರೆ, ಕಾವಿರುವ ಪ್ರತಿಯೊಂದು ವಸ್ತುವೂ ಸ್ವಲ್ಪ ಟೆರಾಹರ್ಟ್ಸ್ ಅಲೆಯನ್ನು ಸೂಸುತ್ತಲೇ ಇರುವದು: ರೊಟ್ಟಿ ಬೇಯಿಸುವ ಹೆಂಚು, ಮಲಗಿದ ಆಕಳು, ಆಯಿಯ ಕೈ ಕೂಡ. ಬೀಗರ ಯಂತ್ರದಿಂದ ಆಯಿಗೆ ಹಿತವೆನಿಸಿದ್ದು ಬೆಚ್ಚನೆಯ ಗಾಳಿ.

ಒಂದು ಸಂಜೆ ಕಟ್ಟೆಯ ಮೇಲೆ ಕುಳಿತಾಗ ಇದನ್ನೆಲ್ಲ ಆಯಿಗೆ ಹೇಳಿದೆ. ಲಕ್ಷ ಕೋಟಿಯ ಲೆಕ್ಕವನ್ನು ಬಿಟ್ಟು, ಜೋಕಾಲಿ ಮತ್ತು ತೇರಿನ ಮಾತುಗಳನ್ನು ಮಾತ್ರ ಹೇಳಿದೆ. ಆಯಿ ಜೋಳ ಹಸನು ಮಾಡುತ್ತ ಕೇಳಿದಳು. ಕೊನೆಗೆ, “ಒಂದ ಹನಿ ನೀರ ದಾಟಾಕ ಬರದ ಅಲಿ ನನ್ನ ಎಲುಬಿಗಿ ಹ್ಯಾಂಗ ಮುಟ್ಟತೈತೋ?” ಎಂದಳು. ಎರಡು ತಿಂಗಳು ಓದಿ ನಾನು ಕಂಡುದನ್ನು ಆಕೆ ಒಂದೇ ಮಾತಿನಲ್ಲಿ ಮುಗಿಸಿದಳು.

ಯಂತ್ರವನ್ನು ನಾವು ಕೊಳ್ಳಲಿಲ್ಲ. ಆದರೆ ನಮ್ಮ ಓಣಿಯಲ್ಲಿಯೇ ಇನ್ನೊಂದು ಮನೆಯವರು ಕೊಂಡರು. ಆ ಮನೆಯ ಹಿರಿಯರು ಗುಳಿಗೆಯನ್ನು ಬಿಟ್ಟು, ದೀಪಾವಳಿಯ ಹೊತ್ತಿಗೆ ಕಾಲಿನ ಹುಣ್ಣು ಮಾಯದೆ, ವಿಜಯಪುರದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಮಲಗಬೇಕಾಯಿತು. ಅವರು ಕೇಳುವ ಹೊತ್ತಿಗೆ ನಾನು ಇನ್ನೂ ಓದುತ್ತಿದ್ದೆ. ‘ಆಮ್ಯಾಲೆ ಹೇಳ್ತೀನಿ’ ಎಂದು ತಪ್ಪಿಸಿಕೊಂಡ ಮಾತು ಈಗಲೂ ನನ್ನನ್ನು ಚುಚ್ಚುವದು.

ಸಹಪಾಠಿ ಮಿತ್ರರೇ, ಟೆರಾಹರ್ಟ್ಸ್ ವಿದ್ಯೆ ನಿಜವಾದುದು, ಬೆಳೆಯುತ್ತಿರುವದು. ಒಂದು ಹನಿ ದ್ರವದಲ್ಲಿ ರೋಗದ ಗುರುತನ್ನು ಬೇಗನೆ ಹಿಡಿಯುವ ಯಂತ್ರ ಅದರಿಂದ ಮುಂದೊಂದು ದಿನ ನಮ್ಮ ತಾಲೂಕಿನ ದವಾಖಾನೆಗೂ ಬರಲಿ ಎಂದು ನಾನು ಹಾರೈಸುತ್ತೇನೆ. ಆದರೆ ನಿಜದ ಹೆಸರನ್ನು ಹೊತ್ತು ಮನೆಬಾಗಿಲಿಗೆ ಬರುವ ಸುಳ್ಳು ಯಂತ್ರಕ್ಕಿಂತ ಮುಂಚೆ ಬರುವದು. ಹಾಗೆ ಬಂದಾಗ, ‘ಇದು ಎಷ್ಟು ಆಳಕ್ಕೆ ಹೋಗುವದು? ಇದು ಯಾವುದನ್ನು ಆರಿಸಿ ಹಿಡಿಯುವದು?’ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಕಲಾ ವಿಭಾಗದ ವಿದ್ಯಾರ್ಥಿಗೂ ಅಧಿಕಾರವುಂಟು. ಉತ್ತರ ಸಿಗುವವರೆಗೆ ಗುಳಿಗೆ ನಿಲ್ಲದಿರಲಿ. ನಮ್ಮ ಆಯಿ ಬರುವ ಸೋಮವಾರ ಮತ್ತೆ ಬೆರಳು ಚುಚ್ಚಿಸಿಕೊಳ್ಳಲು ಹೋಗುವವಳಿದ್ದಾಳೆ. ಸರದಿಯಲ್ಲಿ ಆಕೆಯ ಜೊತೆಗೆ ನಾನೂ ನಿಲ್ಲುವವನಿದ್ದೇನೆ.